ಗುಳಿಗೆ ಶುರುವಾದ ಮೇಲೆ ಎದ್ದ ಗಂಟು

ಸಂಜೆಯಾದರೆ ಜ್ವರ, ರಾತ್ರಿ ದಿಂಬು ನೆನೆಯುವಷ್ಟು ಬೆವರು. ದಾವಣಗೆರೆಯಲ್ಲಿ ನಾನು ಬ್ಲೌಸ್ ಹೊಲಿಯುವವಳು. ಮೈ ಎಷ್ಟು ಇಳಿದಿದೆ ಅನ್ನೋದು ಟೇಪು ಹಿಡಿದಾಗಲೇ ಗೊತ್ತಾಯಿತು. ಕಫ ಪರೀಕ್ಷೆಯಲ್ಲಿ ಟಿಬಿ ಅಂತ ಬಂತು. ಟಿಬಿ ಇದ್ದವರಿಗೆಲ್ಲ ಮಾಡುವ ಎಚ್‌ಐವಿ ಪರೀಕ್ಷೆಯನ್ನು ನನಗೂ ಮಾಡಿದರು. ಅದೂ ಇತ್ತು.

ಸಿಡಿ4 ಎಣಿಕೆ 64. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 500ರ ಮೇಲಿರುತ್ತದೆ. ಟಿಬಿ ಕ್ರಿಮಿಯನ್ನು ನುಂಗಿ ಕೂತ ಭಕ್ಷಕ ಕಣಗಳಿಗೆ ಅದನ್ನು ಕೊಲ್ಲುವ ಕಸುವು ಬರುವುದು ಈ ಸಿಡಿ4 ಕಣಗಳಿಂದ. ಎಚ್‌ಐವಿ ಹಿಡಿಯುವುದೂ ಇವನ್ನೇ.

ಮೊದಲು ಟಿಬಿ ಗುಳಿಗೆ, ಎರಡು ವಾರ ಬಿಟ್ಟು ಎಚ್‌ಐವಿಯ ಮದ್ದು, ಎಆರ್‌ಟಿ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅದು ರಿಫಾಂಪಿಸಿನ್ ಬಣ್ಣ, ಹೆದರಬೇಡ ಎಂದರು ಸಿಸ್ಟರ್. ಜ್ವರ ಬಿಟ್ಟಿತು, ಊಟ ಸೇರಿತು.

ಎಆರ್‌ಟಿ ಶುರುವಾಗಿ ಕೆಲವೇ ವಾರಕ್ಕೆ ಮತ್ತೆ ಜ್ವರ. ಕತ್ತಿನ ಎಡಕ್ಕೆ ಗಂಟೊಂದು ಎದ್ದಿತು. ಟೇಪನ್ನು ಕೊರಳಿಗೆ ಹಾಕಿಕೊಂಡರೆ ಅಂಚು ತಾಗಿ ಜೀವ ಹೋಗುತ್ತಿತ್ತು. "ಈ ಗುಳಿಗೆ ನಿನಗೆ ಆಗಿಬರ್ತಿಲ್ಲ ಕಣೇ, ಬಿಟ್ಬಿಡು" ಎಂದಳು ಅಕ್ಕ. ನನಗೂ ಹಾಗೇ ಅನ್ನಿಸಿತ್ತು.

"ಗುಳಿಗೆ ತಪ್ಪಿಸಿದ್ದೀಯೇನಮ್ಮಾ?" ಡಾಕ್ಟರು ಮೊದಲು ಕೇಳಿದ್ದು ಅದನ್ನೇ. ತಪ್ಪಿಸಿರಲಿಲ್ಲ. ಮದ್ದಿಗೆ ಬಗ್ಗದ ಟಿಬಿಯೇನೋ ಎಂದು ಗಂಟಿನಿಂದ ಸೂಜಿಯಲ್ಲಿ ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. ಅದಲ್ಲವೆಂದು ಬಂತು. ರಕ್ತದಲ್ಲಿ ವೈರಸ್ ಇಳಿದಿತ್ತು, ಸಿಡಿ4 150 ದಾಟಿತ್ತು.

"ಮಂಪರಲ್ಲಿದ್ದ ಕಾವಲುನಾಯಿ ಈಗ ಎದ್ದಿದೆಯಮ್ಮಾ, ಅದಕ್ಕೇ ಈ ಗದ್ದಲ" ಎಂದರು. ಕ್ರಿಮಿ ಮೊದಲೇ ಆ ಗಂಟಿನಲ್ಲಿತ್ತಂತೆ. ಎದುರಿಸಲು ಕಣಗಳೇ ಸಾಲದಿದ್ದಾಗ ಊತವೂ ಕಾಣಲಿಲ್ಲ. ಕಣಗಳು ಹೆಚ್ಚಿದವು, ಸತ್ತ ಕ್ರಿಮಿಯ ಚೂರುಗಳ ಮೇಲೂ ಎರಗಿದವು. ಊತ, ಜ್ವರ ಎರಡೂ ಅದರಿಂದಲೇ. ಇದಕ್ಕೆ ಡಾಕ್ಟರುಗಳು ಐರಿಸ್ ಎನ್ನುತ್ತಾರೆ.

ಎರಡೂ ಮದ್ದು ನಿಲ್ಲಿಸಲಿಲ್ಲ. ಜೊತೆಗೆ ಪ್ರೆಡ್ನಿಸೋಲೋನ್ ಕೊಟ್ಟು, ಡೋಸನ್ನು ಮೆಲ್ಲಗೆ ಇಳಿಸುತ್ತ ಬಂದರು. ಅದು ಹಸಿವು ಕೆರಳಿಸಿತು, ನಿದ್ದೆ ಕೆಡಿಸಿತು. ರಾತ್ರಿ ಎರಡಕ್ಕೆ ಎದ್ದು ತಂಗಳನ್ನ ತಿಂದು, ಹುಕ್ಕು ಹಚ್ಚುತ್ತ ಕೂರುತ್ತಿದ್ದೆ.

ಗಂಟು ಕರಗಲು ತಿಂಗಳುಗಳೇ ಹಿಡಿದವು. ಟಿಬಿ ಗುಳಿಗೆ ಆರು ತಿಂಗಳಿಗೆ ಮುಗಿದವು. ಎಆರ್‌ಟಿ ಬದುಕಿರುವ ತನಕ. ಎಆರ್‌ಟಿ ಸೆಂಟರಿಗೆ ಹೊಸದಾಗಿ ಬರುವವರಿಗೆ ಇಷ್ಟು ಹೇಳುತ್ತೇನೆ: ಜ್ವರ ಮರುಕಳಿಸಿದರೆ, ಗಂಟು ಎದ್ದರೆ ನೀವೇ ಗುಳಿಗೆ ಬಿಡಬೇಡಿ, ಅವತ್ತೇ ಬಂದು ತೋರಿಸಿ.