ಪತ್ತೇದಾರ ಲೆನ್ನಿಯ ಕಣ್ಣುಗಳು

ಮಕ್ಕಳೇ, ಮೊದಲು ನಿಮಗೊಂದು ಪ್ರಶ್ನೆ. ಡಿಸ್ನಿಯ ‘ಬ್ಯೂಟಿ ಅಂಡ್ ದ ಬೀಸ್ಟ್’ ಕಾರ್ಟೂನ್ ಸಿನಿಮಾದಲ್ಲಿ ತಟ್ಟೆ, ಚಮಚ, ಲೋಟಗಳನ್ನೆಲ್ಲ ಕುಣಿಸಿ ಬೆಲ್‌ಗೆ ಊಟ ಬಡಿಸುವ ಮೇಣದಬತ್ತಿಯ ದೀಪ ಇದೆಯಲ್ಲ, ಲ್ಯೂಮಿಯೇರ್, ಅದಕ್ಕೆ ದನಿ ಕೊಟ್ಟವರು ಯಾರು?

ಈಗ ನಿಮ್ಮ ಅಪ್ಪ-ಅಮ್ಮನಿಗೆ ಒಂದು ಪ್ರಶ್ನೆ. ನೀವು ಈ ದೇಶಕ್ಕೆ ಬಂದ ಹೊಸದರಲ್ಲಿ ಯಾವ ಹೊತ್ತಿನಲ್ಲಿ ಟಿವಿ ಹಾಕಿದರೂ ಒಂದಲ್ಲ ಒಂದು ಚಾನೆಲ್‌ನಲ್ಲಿ ಬರುತ್ತಿದ್ದ ‘ಲಾ ಅಂಡ್ ಆರ್ಡರ್’ ಧಾರಾವಾಹಿಯಲ್ಲಿ ಪತ್ತೇದಾರ ಲೆನ್ನಿ ಬ್ರಿಸ್ಕೋ ಆಗಿದ್ದವರು ಯಾರು?

ಎರಡಕ್ಕೂ ಉತ್ತರ ಒಂದೇ. ಜೆರ್ರಿ ಆರ್ಬಾಕ್. ನಮ್ಮ ಪಕ್ಕದ ಬ್ರಾಂಕ್ಸ್‌ನಲ್ಲಿ 1935ರಲ್ಲಿ ಹುಟ್ಟಿದವರು.

ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ನಮ್ಮ ಶಾಲೆಯ ಟೀಚರ್ ಕೇಳಿದಾಗ, ದಿನವಿಡೀ ಕೋಡ್ ಬರೆಯುವ ನನಗೆ ಮೊದಲು ನೆನಪಾದದ್ದು ಈ ಧಾರಾವಾಹಿ. ಇಪ್ಪತ್ತು ವರ್ಷದ ಹಿಂದೆ ಜರ್ಸಿ ಸಿಟಿಯ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿ ಮೂರು ಜನ ಸ್ನೇಹಿತರು ಇದ್ದೆವು. ಆಫೀಸಿನಲ್ಲಿ ಇಲ್ಲಿಯವರ ಮಾತು ಅರ್ಧ ಅರ್ಥವಾಗುತ್ತಿತ್ತು, ಅರ್ಧ ತಲೆಯ ಮೇಲೆ ಹಾರಿಹೋಗುತ್ತಿತ್ತು. ರಾತ್ರಿ ಅನ್ನ-ಸಾರು ಕಲಸಿಕೊಂಡು ಈ ಧಾರಾವಾಹಿಯ ಮುಂದೆ ಕೂತರೆ ಅದೇ ನಮಗೆ ನ್ಯೂಯಾರ್ಕ್ ಇಂಗ್ಲಿಷಿನ ಪಾಠ. ಊರಿನಲ್ಲಿ ನಮ್ಮ ಮನೆಯವರು ಟಿ.ಎನ್. ಸೀತಾರಾಮ್ ಅವರು ಲಾಯರ್ ಸಿ.ಎಸ್.ಪಿ. ಆಗಿ ಕೋರ್ಟಿನಲ್ಲಿ ಪಾಟೀಸವಾಲು ಮಾಡುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಇಲ್ಲಿ ನಮ್ಮದು ಇದೇ ಕಥೆ.

ನೋಡದಿದ್ದವರಿಗೆ ಎರಡು ಮಾತಿನಲ್ಲಿ ಹೇಳ್ತೀನಿ. ಪ್ರತಿ ಕಂತು ಒಂದು ಗಂಟೆ. ಮೊದಲರ್ಧದಲ್ಲಿ ಪೊಲೀಸರು ಅಪರಾಧಿಯನ್ನು ಹುಡುಕುತ್ತಾರೆ, ಉಳಿದರ್ಧದಲ್ಲಿ ಸರ್ಕಾರಿ ವಕೀಲರು ಕೋರ್ಟಿನಲ್ಲಿ ವಾದ ಮಾಡುತ್ತಾರೆ. ದೃಶ್ಯ ಬದಲಾಗುವಾಗ ಕಪ್ಪು ಪರದೆ, ಅದರ ಮೇಲೆ ವಿಳಾಸ, ಜೊತೆಗೆ ‘ಡಂಡ್’ ಅಂತ ಒಂದು ಸದ್ದು. ಆ ಸದ್ದನ್ನು ಮಾಡಿದವರು ಸಂಗೀತ ನಿರ್ದೇಶಕ ಮೈಕ್ ಪೋಸ್ಟ್. ಒಂದೇ ವಾದ್ಯದ ಸದ್ದಲ್ಲ ಅದು, ಬೇರೆ ಬೇರೆ ಸದ್ದುಗಳನ್ನು ಒಂದರ ಮೇಲೊಂದು ಬೆರೆಸಿದ್ದು. ಅವರು ಎಷ್ಟೋ ಧಾರಾವಾಹಿಗಳಿಗೆ ಪೂರ್ತಿ ಹಾಡು ಕಟ್ಟಿದವರು, ಆದರೆ ಜನ ನೆನಪಿಟ್ಟುಕೊಂಡದ್ದು ಈ ಒಂದು ಕ್ಷಣದ ಸದ್ದನ್ನು!

ಧಾರಾವಾಹಿಯ ಸೃಷ್ಟಿಕರ್ತ ಡಿಕ್ ವುಲ್ಫ್. ಮೊದಲ ಮಾದರಿ ಕಂತನ್ನು 1988ರಲ್ಲೇ ಸಿಬಿಎಸ್ ಚಾನೆಲ್‌ಗೆ ಅಂತ ತೆಗೆದರು. ಅವರು ಬೇಡ ಅಂದರು. ಕೊನೆಗೆ ಎನ್‌ಬಿಸಿ ತೆಗೆದುಕೊಂಡು 1990ರ ಸೆಪ್ಟೆಂಬರ್ 13ರಂದು ಶುರುವಾಯಿತು. ಒಬ್ಬರು ಬೇಡ ಅಂದ ಆ ಧಾರಾವಾಹಿ 2010ರವರೆಗೆ 20 ಸೀಸನ್, 456 ಕಂತು ನಡೆಯಿತು. ಹನ್ನೆರಡು ವರ್ಷ ಬಿಟ್ಟು 2022ರಲ್ಲಿ ಮತ್ತೆ ಶುರುವಾಯಿತು. ವಿಜ್ಞಾನ ಮೇಳದಲ್ಲಿ ಬಹುಮಾನ ಬರಲಿಲ್ಲ ಅಂತ ಮುಖ ಊದಿಸಿಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ.

ಚಿತ್ರೀಕರಣ ನಡೆದದ್ದು ನ್ಯೂಯಾರ್ಕಿನಲ್ಲೇ. ಹಡ್ಸನ್ ನದಿಯ ದಂಡೆಯಲ್ಲಿ ಚೆಲ್ಸಿ ಪಿಯರ್ಸ್ ಇದೆಯಲ್ಲ, ನಿಮ್ಮಲ್ಲಿ ಕೆಲವರು ಜಿಮ್ನಾಸ್ಟಿಕ್ಸ್‌ಗೆ ಹೋಗುವ ಜಾಗ, ಅಲ್ಲೇ ಅದರ ಸ್ಟುಡಿಯೋ ಇತ್ತು. ಉಳಿದದ್ದೆಲ್ಲ ನಿಜವಾದ ಬೀದಿ, ನಿಜವಾದ ಕೋರ್ಟಿನ ಮೆಟ್ಟಿಲು. ಹೀಗಾಗಿ ನಗರದ ನಾಟಕದವರಿಗೆಲ್ಲ ಒಂದಲ್ಲ ಒಂದು ಕಂತಿನಲ್ಲಿ ಕೆಲಸ ಸಿಗುತ್ತಿತ್ತು. ಬ್ರಾಡ್‌ವೇ ನಾಟಕಕ್ಕೆ ಹೋದರೆ ಕೈಗೆ ಕೊಡುವ ಪುಸ್ತಿಕೆಯಲ್ಲಿ ನಟರ ಪರಿಚಯ ಓದಿ ನೋಡಿ, ಈ ಧಾರಾವಾಹಿಯ ಹೆಸರು ಎಷ್ಟು ಸಲ ಬರುತ್ತೆ ಅಂತ ಎಣಿಸಬಹುದು.

ಇನ್ನು ಪಾತ್ರಧಾರಿಗಳ ವಿಷಯ. ಮೊದಲ ಮೂರು ಸೀಸನ್‌ನಲ್ಲಿ ಮುಖ್ಯ ಪಾತ್ರಧಾರಿಗಳು ಆರು ಜನ, ಆರೂ ಜನ ಗಂಡಸರು. ಹೆಂಗಸರನ್ನು ಸೇರಿಸದಿದ್ದರೆ ಧಾರಾವಾಹಿ ನಿಲ್ಲಿಸ್ತೀವಿ ಅಂತ ಚಾನೆಲ್‌ನವರು ಪಟ್ಟು ಹಿಡಿದರು. 1993ರಲ್ಲಿ ಇಬ್ಬರು ಬಂದರು. ಅವರಲ್ಲಿ ಒಬ್ಬರು ಎಸ್. ಎಪೇಥಾ ಮರ್ಕರ್ಸನ್. ಮೊದಲ ಸೀಸನ್‌ನ ಒಂದು ಕಂತಿನಲ್ಲಿ ಅವರು ಮಗುವನ್ನು ಕಳೆದುಕೊಂಡ ತಾಯಿಯಾಗಿ ಬಂದುಹೋಗಿದ್ದರು. ಅದೇ ನಟಿ ಈಗ ಪೊಲೀಸ್ ಠಾಣೆಯ ಮುಖ್ಯಸ್ಥೆ ಲೆಫ್ಟಿನೆಂಟ್ ವ್ಯಾನ್ ಬ್ಯೂರೆನ್! 2010ರವರೆಗೆ ಹದಿನೇಳು ಸೀಸನ್ ಆ ಕುರ್ಚಿಯಲ್ಲಿ ಕೂತರು. ನಮ್ಮ ಜೆರ್ರಿ ಆರ್ಬಾಕ್ ಕೂಡ ಹಾಗೇ. 1991ರಲ್ಲಿ ಒಂದು ಕಂತಿನಲ್ಲಿ ಆರೋಪಿಯ ಪರ ವಕೀಲರಾಗಿ ಬಂದವರು, 1992ರಲ್ಲಿ ಪೊಲೀಸರ ಪಾಳೆಯಕ್ಕೆ ಸೇರಿ ಲೆನ್ನಿ ಬ್ರಿಸ್ಕೋ ಆದರು.

ಕೆಲವರಿಗಂತೂ ನಟನೆ ಮತ್ತು ನಿಜ ಬೇರೆ ಬೇರೆ ಆಗಿರಲೇ ಇಲ್ಲ. ಪತ್ತೇದಾರ ಫೊಂಟಾನಾ ಆಗಿ 2004ರಲ್ಲಿ ಬಂದ ಡೆನ್ನಿಸ್ ಫರೀನಾ ನಟರಾಗುವ ಮೊದಲು ಶಿಕಾಗೋದಲ್ಲಿ 18 ವರ್ಷ ನಿಜವಾದ ಪೊಲೀಸ್. ಮುಖ್ಯ ಸರ್ಕಾರಿ ವಕೀಲನ ಪಾತ್ರ ಮಾಡಿದ ಫ್ರೆಡ್ ಥಾಂಪ್ಸನ್ ನಿಜವಾದ ವಕೀಲ, ಟೆನೆಸ್ಸಿ ರಾಜ್ಯದ ಸೆನೆಟರ್. 2002ರಲ್ಲಿ ಧಾರಾವಾಹಿಗೆ ಸೇರಿದಾಗ ಅವರ ಸೆನೆಟರ್ ಅವಧಿ ಇನ್ನೂ ಮುಗಿದಿರಲಿಲ್ಲ.

ನನಗೆ ತುಂಬ ಇಷ್ಟವಾದ ಸಂಗತಿ ಥಾಂಪ್ಸನ್‌ಗಿಂತ ಮೊದಲು ಅಂಥದ್ದೇ ಪಾತ್ರ ಮಾಡಿದ ಸ್ಟೀವನ್ ಹಿಲ್ ಅವರದ್ದು. ಅವರು ನಿಷ್ಠಾವಂತ ಯಹೂದಿ. ಶುಕ್ರವಾರ ಸೂರ್ಯ ಮುಳುಗಿದರೆ ಅವರ ಸಬ್ಬತ್ ಶುರು, ಆಮೇಲೆ ಕೆಲಸ ಮಾಡುವ ಹಾಗಿಲ್ಲ. 1966ರಲ್ಲಿ ‘ಮಿಷನ್ ಇಂಪಾಸಿಬಲ್’ ಧಾರಾವಾಹಿಗೆ ಅವರೇ ನಾಯಕ. ಅಲ್ಲೂ ಶುಕ್ರವಾರ ಸಂಜೆಯಾದರೆ ಎದ್ದು ಹೊರಟುಬಿಡುತ್ತಿದ್ದರು. ಎರಡನೇ ಸೀಸನ್‌ಗೆ ನಾಯಕ ಬದಲಾದ. ಆಮೇಲೆ ಅವರು ಎಷ್ಟೋ ವರ್ಷ ನಟನೆಯಿಂದಲೇ ದೂರ ಇದ್ದರು. ‘ಲಾ ಅಂಡ್ ಆರ್ಡರ್’ನಲ್ಲಿ ಅವರ ನಿಯಮವನ್ನು ಗೌರವಿಸಿದರು, ಹತ್ತು ಸೀಸನ್ ಮಾಡಿದರು. ಡಿಸೆಂಬರ್‌ನಲ್ಲಿ ನಮ್ಮ ಕಡೆ ಸಾಯಂಕಾಲ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಅಷ್ಟು ದೊಡ್ಡ ಚಿತ್ರತಂಡದಲ್ಲಿ ಒಬ್ಬರು ನಡುಮಧ್ಯಾಹ್ನ ಎದ್ದು ರಾಕ್‌ಲ್ಯಾಂಡ್ ಕೌಂಟಿಯ ಮನೆಗೆ ಹೊರಡುವುದು ಅಂದರೆ ಸಾಮಾನ್ಯವಲ್ಲ. ವಾರಾಂತ್ಯದಲ್ಲಿ ಸಾಕರ್ ಆಟ ಬಿಟ್ಟು ಕನ್ನಡ ತರಗತಿಗೆ ಯಾಕೆ ಬರಬೇಕು ಅಂತ ನನ್ನ ಮಗ ಕೇಳಿದಾಗ ಇವರ ಕಥೆ ಹೇಳಿದ್ದೆ. “ಅವರಿಗೆ ಸಂಬಳ ಕೊಡ್ತಿದ್ರು, ಅಪ್ಪ” ಅಂದ. ವಾದದಲ್ಲಿ ಅವನೂ ಸರ್ಕಾರಿ ವಕೀಲನೇ.

ಈಗ ಮತ್ತೆ ಲೆನ್ನಿಯ ಹತ್ತಿರ ಬರೋಣ. ಜೆರ್ರಿ ಆರ್ಬಾಕ್ ಮೂಲತಃ ರಂಗಭೂಮಿಯ ಹಾಡುಗಾರ. 1960ರಲ್ಲಿ ‘ಫೆಂಟಾಸ್ಟಿಕ್ಸ್’ ನಾಟಕ, 1969ರಲ್ಲಿ ಟೋನಿ ಪ್ರಶಸ್ತಿ, 1975ರಲ್ಲಿ ‘ಶಿಕಾಗೋ’. ಧಾರಾವಾಹಿಯಲ್ಲಿ ಮುಖ ಗಂಟಿಕ್ಕಿಕೊಂಡು ಚಾಟಿಯೇಟಿನಂಥ ಮಾತಾಡುತ್ತಿದ್ದ ಮನುಷ್ಯ, ಮನೆಯಲ್ಲಿ ಬೆಳಗ್ಗೆ ಹೆಂಡತಿಯ ಕಾಫಿ ಲೋಟದ ಪಕ್ಕ ಪುಟ್ಟ ಪದ್ಯ ಬರೆದಿಡುತ್ತಿದ್ದರು. ಆ ಪದ್ಯಗಳು ಮುಂದೆ ಪುಸ್ತಕವಾಗಿಯೂ ಬಂದವು. (ಅಪ್ಪಂದಿರೇ, ನಮ್ಮ ಮೇಲೆ ಒತ್ತಡ ಜಾಸ್ತಿ ಆಗ್ತಿದೆ, ಗೊತ್ತಿದೆ.)

2004ರ ಡಿಸೆಂಬರ್ 28ರಂದು ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ಬ್ರಾಡ್‌ವೇ ರಂಗಮಂದಿರಗಳು ದೀಪ ಮಂದ ಮಾಡಿ ಗೌರವ ಕೊಟ್ಟವು. ಆದರೆ ಅವರ ಕಣ್ಣಿನ ಬೆಳಕು ಮಂದವಾಗಲಿಲ್ಲ. ಅವರ ಇಷ್ಟದಂತೆ ಕಣ್ಣುಗಳನ್ನು ದಾನ ಮಾಡಲಾಗಿತ್ತು. ಇಬ್ಬರು ನ್ಯೂಯಾರ್ಕ್ ನಿವಾಸಿಗಳಿಗೆ ದೃಷ್ಟಿ ಬಂತು. ನೇತ್ರ ಬ್ಯಾಂಕಿನವರು ಅವರ ಚಿತ್ರ ಹಾಕಿ ಸಬ್‌ವೇ ರೈಲುಗಳಲ್ಲಿ ಜಾಹೀರಾತು ಅಂಟಿಸಿದ್ದರು. ನಾನು ಅದನ್ನು ಆಫೀಸಿಗೆ ಹೋಗುವಾಗ ನೇತಾಡುತ್ತಾ ನಿಂತು ಓದಿದವನು.

ಆ ಜಾಹೀರಾತು ನೋಡಿದಾಗ ನನಗೆ ಅಣ್ಣಾವ್ರು ನೆನಪಾಗುತ್ತಿದ್ದರು. ಡಾ. ರಾಜ್‌ಕುಮಾರ್ 1994ರಲ್ಲಿ ಬೆಂಗಳೂರಿನಲ್ಲಿ ನಾರಾಯಣ ನೇತ್ರಾಲಯದ ನೇತ್ರ ಬ್ಯಾಂಕನ್ನು ಉದ್ಘಾಟಿಸಿದಾಗಲೇ ತಮ್ಮ ಮನೆಯವರೆಲ್ಲರ ಕಣ್ಣು ದಾನ ಮಾಡುವುದಾಗಿ ಮಾತು ಕೊಟ್ಟಿದ್ದರು. 2006ರ ಏಪ್ರಿಲ್ 12ರಂದು ಅವರು ಹೋದಾಗ ಆ ಮಾತು ಉಳಿಯಿತು. 2017ರಲ್ಲಿ ಪಾರ್ವತಮ್ಮನವರು ಹೋದಾಗ ಉಳಿಯಿತು. 2021ರ ಅಕ್ಟೋಬರ್ 29ರಂದು, ಯಾರೂ ಎಣಿಸದೇ ಇದ್ದ ದಿನ, ಅಪ್ಪು ಹೋದಾಗಲೂ ಉಳಿಯಿತು.

ಅಪ್ಪು ಅವರ ಎರಡು ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಎರಡು ಕಣ್ಣಿಗೆ ನಾಲ್ಕು ಜನ ಹೇಗೆ ಅಂತ ಕೇಳ್ತೀರಾ? ನನ್ನ ಮಗಳೂ ಕೇಳಿದ್ದಳು. ಕಣ್ಣು ದಾನ ಅಂದರೆ ಇನ್ನೊಬ್ಬರಿಗೆ ಜೋಡಿಸುವುದು ಇಡೀ ಕಣ್ಣನ್ನಲ್ಲ. ಕಣ್ಣಿನ ಮುಂಭಾಗದಲ್ಲಿ ವಾಚಿನ ಗಾಜಿನ ಥರ ಒಂದು ಪಾರದರ್ಶಕ ಪದರ ಇದೆ. ಅದೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಕೆಲವರಿಗೆ ಅದರ ಮುಂದಿನ ಭಾಗ ಮಾತ್ರ ಕೆಟ್ಟಿರುತ್ತದೆ, ಕೆಲವರಿಗೆ ಹಿಂದಿನ ಭಾಗ ಮಾತ್ರ. ವೈದ್ಯರು ಅಪ್ಪು ಅವರ ಒಂದೊಂದು ಕಾರ್ನಿಯಾವನ್ನೂ ಹೋಳಿಗೆಯ ಪದರ ಬಿಡಿಸಿದ ಹಾಗೆ ಎರಡು ಮಾಡಿ, ಯಾರಿಗೆ ಯಾವುದು ಬೇಕೋ ಅದನ್ನು ಕೊಟ್ಟರು. ಇಂಜಿನಿಯರ್ ಆಗಿ ನಾನು ಅಷ್ಟು ಚೊಕ್ಕವಾದ ಲೆಕ್ಕ ಇನ್ನೊಂದು ನೋಡಿಲ್ಲ.

ಅದಾದ ಒಂದು ವಾರಕ್ಕೆ ಮೈಸೂರಿನಿಂದ ನಮ್ಮಮ್ಮ ಫೋನ್ ಮಾಡಿದರು. “ನಾನೂ ಬರೆದುಕೊಟ್ಟು ಬಂದೆ ಕಣೋ” ಅಂದರು. ನಾನು ಸುಮ್ಮನಾದೆ. ಇಷ್ಟು ದೂರದಲ್ಲಿರುವ ಮಕ್ಕಳಿಗೆ ಆ ಮಾತು ಕೇಳುವುದು ಎಷ್ಟು ಕಷ್ಟ ಅಂತ ಈ ಪುಟ ಓದುವ ಅಪ್ಪ-ಅಮ್ಮಂದಿರಿಗೆ ನಾನು ವಿವರಿಸಬೇಕಿಲ್ಲ. “ಅದೆಲ್ಲ ಈಗ್ಯಾಕಮ್ಮ, ನಾನು ಬಂದಾಗ ಮಾತಾಡೋಣ” ಅಂದೆ. ಅಮ್ಮ ಅದಕ್ಕೆ ಹೇಳಿದ್ದು ಇಷ್ಟೇ: “ನೀನು ಅಲ್ಲಿಂದ ಬರೋಕೆ ಒಂದು ದಿನ ಬೇಕು. ಕಣ್ಣು ತೆಗೆಯೋಕೆ ಅವರಿಗೆ ಇರೋದು ಆರು ಗಂಟೆ. ನೀನು ಬರೋವರೆಗೂ ನಾನು ಕಾಯ್ತೀನಿ, ಕಣ್ಣು ಕಾಯಲ್ಲ.”

ಬರೆದುಕೊಟ್ಟರೆ ಸಾಲದು, ಕೊನೆಯಲ್ಲಿ ಮನೆಯವರು ಒಪ್ಪಬೇಕು, ಮನೆಯವರೇ ಫೋನ್ ಮಾಡಬೇಕು. ಹಾಗಾಗಿ ಮುಂದಿನ ಬೇಸಿಗೆ ರಜೆಯಲ್ಲಿ ಹೋದಾಗ ಎಲ್ಲರೂ ಕೂತು ಮಾತಾಡಿದೆವು. ಸೋದರಮಾವ ಮೊದಲು ಬೇಡವೇ ಬೇಡ ಅಂದರು. ಮುಂದಿನ ಜನ್ಮದಲ್ಲಿ ಕಣ್ಣಿರಲ್ಲ ಅನ್ನುವ ಹಳೆಯ ಭಯ. ಅಮ್ಮ ಮೊಮ್ಮಗಳ ಕಡೆ ತಿರುಗಿ, “ನಿನ್ನ ಅಭಿಪ್ರಾಯ ಏನೇ ಪುಟ್ಟಿ?” ಅಂದರು. ಅವಳು ತನ್ನ ಅಮೆರಿಕನ್ ಕನ್ನಡದಲ್ಲಿ, “ಅಜ್ಜಿ, ಆಗ ನಿನ್ನ ಕಣ್ಣು ಯಾರನ್ನ ನೋಡತ್ತೆ?” ಅಂದಳು. “ಗೊತ್ತಿಲ್ಲಮ್ಮ. ಯಾರನ್ನಾದರೂ ನೋಡತ್ತಲ್ಲ!” ಮಾವ ಆಮೇಲೆ ಮಾತಾಡಲಿಲ್ಲ. ಸಂಜೆ ಹೊತ್ತಿಗೆ ನೇತ್ರ ಬ್ಯಾಂಕಿನ ನಂಬರನ್ನು ತಮ್ಮ ಮೊಬೈಲಿನಲ್ಲಿ ಹಾಕಿಸಿಕೊಂಡರು. ಈಗ ಆ ನಂಬರು ಅಮ್ಮನ ಫ್ರಿಜ್ ಮೇಲೂ ಇದೆ, ಪಕ್ಕದ ಮನೆಯವರ ಹತ್ತಿರವೂ ಇದೆ. ಡಾಕ್ಟರು ಬರುವವರೆಗೆ ಮಾಡಬೇಕಾದ್ದನ್ನು ಅಮ್ಮನೇ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದಾರೆ: ರೆಪ್ಪೆ ಮುಚ್ಚಿ, ಫ್ಯಾನ್ ನಿಲ್ಲಿಸಿ, ತಲೆಯ ಕೆಳಗೆ ದಿಂಬು ಇಡಿ, ಕಣ್ಣ ಮೇಲೆ ಒದ್ದೆ ಹತ್ತಿ ಇಡಿ. ಪುಳಿಯೋಗರೆ ಗೊಜ್ಜು ಮಾಡೋದು ಹೇಗೆ ಅಂತ ಹೇಳುವ ದನಿಯಲ್ಲೇ ಹೇಳುತ್ತಾರೆ.

ನಮ್ಮ ಶಾಲೆಯ ಹಿರಿಯ ತರಗತಿಯ ಮಕ್ಕಳೇ, ಇನ್ನೊಂದೆರಡು ವರ್ಷದಲ್ಲಿ ನೀವು ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಹೋಗುತ್ತೀರಿ. ಅಂಗಾಂಗ ದಾನಿಯಾಗಿ ಹೆಸರು ನೋಂದಾಯಿಸುತ್ತೀರಾ ಅಂತ ಅಲ್ಲಿ ಕೇಳುತ್ತಾರೆ. ಹೌದು ಅನ್ನಿ ಅಂತಾಗಲೀ, ಬೇಡ ಅನ್ನಿ ಅಂತಾಗಲೀ ನಾನು ಹೇಳುವುದಿಲ್ಲ. ಅದು ನಿಮ್ಮದು, ನಿಮ್ಮ ಮನೆಯವರದು. ಆದರೆ ಕೌಂಟರಿನ ಮುಂದೆ ನಿಂತು, ಹಿಂದೆ ಉದ್ದ ಸಾಲು ಇರುವಾಗ, ಮೊದಲ ಸಲ ಯೋಚಿಸುವ ವಿಷಯ ಅಲ್ಲ ಅದು. ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿ. ಅಜ್ಜಿ-ತಾತನ ಜೊತೆ ವಿಡಿಯೋ ಕಾಲ್ ಇದ್ದರೆ ಅವರನ್ನೂ ಕೇಳಿ. ಕನ್ನಡದಲ್ಲೇ ಕೇಳಿ. ಇಷ್ಟು ವರ್ಷ ಅ ಆ ಇ ಈ ತಿದ್ದಿದ್ದು ಇಂಥ ಮಾತಿಗೂ ಬೇಕಾಗತ್ತೆ.

ಲ್ಯೂಮಿಯೇರ್ ಅಂದರೆ ಫ್ರೆಂಚ್ ಭಾಷೆಯಲ್ಲಿ ಬೆಳಕು. ಮ್ಯಾನ್‌ಹ್ಯಾಟನ್‌ನಲ್ಲಿ 53ನೇ ಬೀದಿ ಮತ್ತು ಎಂಟನೇ ಅವೆನ್ಯೂ ಸೇರುವ ಮೂಲೆಗೆ 2007ರಲ್ಲಿ ‘ಜೆರ್ರಿ ಆರ್ಬಾಕ್ ವೇ’ ಅಂತ ಹೆಸರಿಟ್ಟಿದ್ದಾರೆ. ಮುಂದಿನ ಸಲ ಟೈಮ್ಸ್ ಸ್ಕ್ವೇರ್ ಕಡೆ ಹೋದಾಗ ಹತ್ತು ನಿಮಿಷ ನಡೆದರೆ ಸಿಗತ್ತೆ. ತಲೆ ಎತ್ತಿ ಆ ಫಲಕ ಓದಿ.