ಒಬ್ಬನ ಗುಡಾರ

ಮದ್ದೂರಿನಿಂದ ಮಳವಳ್ಳಿಯ ಮಾರ್ಗವಾಗಿ ಗಗನಚುಕ್ಕಿಯವರೆಗೆ ಒಬ್ಬನೇ ಕಾಲ್ನಡಿಗೆಯಲ್ಲಿ ಹೋಗಬೇಕೆಂಬ ಹಂಬಲವು ನನಗೆ ಬಹುದಿನಗಳಿಂದ ಇದ್ದಿತು. ಹೆಗಲ ಮೇಲೆ ಮನೆಯನ್ನು ಹೊತ್ತು ನಡೆಯುವವನಿಗೆ ಆ ಮನೆಯು ಹಗುರವಾಗಿರಬೇಕಷ್ಟೆ? ಅದುಕಾರಣ, ಒಂದು ಕಿಲೋಗ್ರಾಮಿಗಿಂತ ಕಡಮೆ ತೂಗುವ, ಒಂದೇ ಪದರದ ನೈಲಾನಿನ ಗುಡಾರವೊಂದನ್ನು ಕೊಂಡು, ಕಾರ್ತಿಕದ ಒಂದು ಮಧ್ಯಾಹ್ನ ಹೊರಟೆನು.

ಆ ಸಂಜೆ ಕೆ. ಎಂ. ದೊಡ್ಡಿಯನ್ನು ದಾಟಿ, ಹೊಲದೊಡೆಯರ ಅಪ್ಪಣೆ ಪಡೆದು, ನಾಲೆಯ ಬದಿಯ ತಗ್ಗಿನಲ್ಲಿ ಗುಡಾರವನ್ನು ಹೂಡಿದೆನು. ಸುತ್ತಲೂ ಕಬ್ಬು, ಗಾಳಿಯ ಸುಳಿವಿಲ್ಲ. ಸೊಳ್ಳೆಗಳಿಗಂಜಿ ಬಾಗಿಲನ್ನು ಬಿಗಿದು ಮಲಗಿದೆನು. ಬೆಳಗಾಗಿ ನೋಡಿದರೆ, ಮಳೆಯ ಹನಿಯೂ ಬಿದ್ದಿಲ್ಲ, ಹೊದ್ದ ಹೊದಿಕೆಯೆಲ್ಲ ತೊಯ್ದಿದೆ! ಕುರಿಗಳನ್ನು ಹೊಡೆದುಕೊಂಡು ಬಂದ ವೃದ್ಧರೊಬ್ಬರು, “ಇದೇನ್ ಸೋಮಿ, ಮಳೇನೇ ಬರ್ನಿಲ್ಲ, ಗುಡಾರ ಹೆಂಗ್ ನೆಂದೈತೆ?” ಎಂದು ನಕ್ಕರು.

ನೆನೆಯಿಸಿದುದು ನನ್ನ ಉಸಿರೇ. ನೈಲಾನು ಮಳೆಯನ್ನು ಒಳಗೆ ಬಿಡದಂತೆಯೇ ಉಸಿರಿನ ಆವಿಯನ್ನು ಹೊರಗೂ ಬಿಡದು. ಇರುಳಿನಲ್ಲಿ ಬಟ್ಟೆಯು ತಣ್ಣಗಾದೊಡನೆ ಆವಿಯು ಹನಿಯಾಗುವುದು.

ವೃದ್ಧರ ಹೆಗಲಮೇಲೆ ಕರಿಯ ಕಂಬಳಿಯಿದ್ದಿತು. “ಈ ಕುರಿಗಳದೇ ತುಪ್ಪಟವೇ, ತಾತ?” ಎಂದೆನು. “ಇವು ಬಂಡೂರು ಕುರಿ. ಇವುಕ್ಕೆ ತುಪ್ಪಟ ಎಲ್ಲೈತೆ? ಕಂಬ್ಳಿ ಚಳ್ಳಕೆರೆ ಕಡೇದು” ಎಂದರು. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರನ್ನು ಹೊತ್ತ ಆ ತಳಿಯು ಮಾಂಸಕ್ಕೆ ಪ್ರಸಿದ್ಧವಾದುದು. ಕಂಬಳಿಯನ್ನು ಕೊಪ್ಪೆಯಾಗಿ ಹಾಕಿಕೊಂಡರೆ ಅದೇ ಛತ್ರಿ, ನೆಲಕ್ಕೆ ಹಾಸಿದರೆ ಅದೇ ಹಾಸಿಗೆ. ನೆನೆದರೂ ಬೆಚ್ಚಗಿಡುವುದು ಉಣ್ಣೆಯ ಗುಣ. ಆದರೆ ನೆನೆದ ಕಂಬಳಿಯ ಭಾರವನ್ನು ಹೊತ್ತು ದೂರ ನಡೆಯುವುದು ಕಷ್ಟ.

ಎರಡನೆಯ ಇರುಳು ಮಳವಳ್ಳಿಯಾಚೆಯ ಹಳ್ಳಿಯೊಂದರಲ್ಲಿ, ಊರವರನ್ನು ಕೇಳಿ, ಗುಡಿಯ ಜಗಲಿಯಲ್ಲಿ ತಂಗಿದೆನು. ಜಡಿಮಳೆ ಹಿಡಿಯಿತು. ಗುಡಾರದ ಬಟ್ಟೆಯನ್ನು ಎರಚಲು ಬರುವ ಕಡೆಗೆ ಮಾತ್ರ ಕಟ್ಟಿದೆನು. ಉಳಿದ ಕಡೆ ಗಾಳಿಯಾಡುತ್ತಿದ್ದಿತು. ಬೆಳಗಾದಾಗ ಹೊದಿಕೆಯು ಒಣಗಿಯೇ ಇದ್ದಿತು. ಮರುದಿನ, 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರದಲ್ಲಿ, ಗಗನಚುಕ್ಕಿಯ ಮುಂದೆ ಹಾಯಾಗಿ ಕುಳಿತೆನು.

ಈ ಸೀಮೆಯಲ್ಲಿ ಒಂಟಿಯಾಗಿ ನಡೆಯಬಯಸುವ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ತೂಕ ತುಸು ಹೆಚ್ಚಾದರೂ ಎರಡು ಪದರದ, ಗಾಳಿಕಂಡಿಯುಳ್ಳ ಗುಡಾರವನ್ನೇ ಕೊಳ್ಳಿರಿ, ಇಲ್ಲವೆ ತೆಳುವಾದ ಟಾರ್ಪಾಲನ್ನೂ ಸೊಳ್ಳೆಪರದೆಯನ್ನೂ ಒಯ್ಯಿರಿ. ತಗ್ಗನ್ನು ಬಿಟ್ಟು ದಿಣ್ಣೆಯನ್ನು ಆರಿಸಿರಿ. ಕಾವೇರಿಯ ಮರಳಿನಲ್ಲಿ ಮಲಗಬೇಡಿರಿ; ಮೇಲಣ ಅಣೆಕಟ್ಟಿನಿಂದ ನೀರು ಬಿಟ್ಟಲ್ಲಿ ಹೊಳೆಯು ಹಠಾತ್ತನೆ ಏರುವುದು. ಮುತ್ತತ್ತಿಯ ಕಾಡು ಆನೆಗಳ ನೆಲೆ; ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಅಲ್ಲಿ ತಂಗಲಾಗದು. ಎಲ್ಲಕ್ಕಿಂತ ಮೊದಲು, ಕೊಂಡ ಗುಡಾರದಲ್ಲಿ ಒಂದಿರುಳು ಮನೆಯಂಗಳದಲ್ಲಿಯೇ ಮಲಗಿ ನೋಡಿರಿ. ತಕ್ಕಡಿಯು ಹೇಳದ ಮಾತನ್ನು ಅದು ಹೇಳುವುದು.