ಮೂವತ್ತು ಅಭ್ಯಾಸ, ಒಬ್ಬನೇ ರಾಮಪ್ಪ

ಕಾನೂನು ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯರೊಬ್ಬರು ‘ನಮ್ಮ ಹುಡುಗರ ಬರವಣಿಗೆ ಸ್ವಲ್ಪ ನೋಡಿ’ ಎಂದರು. ಅಲ್ಲಿಗೆ ಹೋಗಿಬರುತ್ತಿದ್ದೇನೆ. ವಕೀಲಿಕೆ ನನ್ನ ಕಸುಬಲ್ಲ. ಅರ್ಥವಾಗದ್ದನ್ನೆಲ್ಲ ಇಲ್ಲಿ ಗುರುತು ಹಾಕಿಕೊಂಡಿದ್ದೇನೆ.

*

ಮೇಜಿನ ಮೇಲೆ ಡ್ರಾಫ್ಟಿಂಗ್ ರೆಕಾರ್ಡುಗಳ ರಾಶಿ. ಬ್ರೌನ್ ಪೇಪರ್ ಹೊದಿಕೆ, ಕೆಂಪು ಮಾರ್ಜಿನ್, ಮುದ್ದಾದ ಅಕ್ಷರ. ಸಾಲ ವಸೂಲಿ ದಾವೆಯ ವಾದಿ ರಾಮಪ್ಪ. ಮುಂದಿನ ರೆಕಾರ್ಡಿನಲ್ಲೂ ರಾಮಪ್ಪನೇ. ಅದರ ಮುಂದಿನದರಲ್ಲೂ ಅವನೇ. ಕ್ರಯಪತ್ರದ ಚೆಕ್ಕುಬಂದಿಯೂ ಎಲ್ಲರದು ಒಂದೇ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಳ್ಳ. ಒಬ್ಬಳು ಮಾತ್ರ ಹಳ್ಳವನ್ನು ಪೂರ್ವಕ್ಕೆ ಹರಿಸಿದ್ದಾಳೆ. ಸ್ವಂತ ಬುದ್ಧಿಯೋ, ಇಳಿಸುವಾಗ ಕೈ ತಪ್ಪಿದ್ದೋ?

ಸೀನಿಯರುಗಳ ರೆಕಾರ್ಡಿನಿಂದ ಇಳಿಸಿಕೊಂಡದ್ದಂತೆ. ಅದನ್ನು ಯಾರೂ ಮುಚ್ಚಿಡಲೂ ಇಲ್ಲ.

*

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳನ್ನು ತಿರುವಿ ನೋಡಿದೆ. ಡ್ರಾಫ್ಟಿಂಗ್ ಪತ್ರಿಕೆಯಲ್ಲಿ ದಾವೆ, ಅರ್ಜಿಗಳ ಕನಿಷ್ಠ 15 ಅಭ್ಯಾಸಕ್ಕೆ 45 ಅಂಕ, ಕ್ರಯಪತ್ರ, ಬಾಡಿಗೆ ಕರಾರಿನಂಥ ಪತ್ರಗಳ 15 ಅಭ್ಯಾಸಕ್ಕೆ 45 ಅಂಕ, ಮೌಖಿಕಕ್ಕೆ ಉಳಿದ 10. ಒಂದು ವಿಭಾಗದಲ್ಲಿ 60 ವಿದ್ಯಾರ್ಥಿಗಳವರೆಗೆ ಇರಬಹುದು. ಅರವತ್ತು ಮಂದಿಗೆ ಮೂವತ್ತರಂತೆ 1,800 ಬರಹ. ಓದಬೇಕಾದವರು ಒಬ್ಬರು ಮೇಷ್ಟ್ರು, ಅದೂ ಬೇರೆ ಪಾಠಗಳ ನಡುವೆ. ಅವರು ಪುಟದ ಕೊನೆಗೆ ಸಹಿ ಹಾಕುತ್ತಾರೆ. ಅವರನ್ನು ದೂರುವ ಧೈರ್ಯ ನನಗಿಲ್ಲ. ಆದರೆ ಯಾರೂ ಓದದ ಕಾಗದಕ್ಕೆ ಸ್ವಂತ ಮಾತು ಯಾಕೆ ಖರ್ಚು ಮಾಡಬೇಕು ಎಂದು ಹುಡುಗರು ಲೆಕ್ಕ ಹಾಕಿದ್ದರೆ, ಆ ಲೆಕ್ಕ ತಪ್ಪು ಎನ್ನಲೂ ಆಗುತ್ತಿಲ್ಲ.

*

ದಾವೆ ಹೇಗೆ ಬರೆಯಬೇಕೆಂದು ಹೇಳುವ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆರ್ಡರ್ 6, ರೂಲ್ 2 ಓದಿ ಬೆರಗಾದೆ. ಮುಖ್ಯ ಸಂಗತಿಗಳನ್ನಷ್ಟೇ ಹೇಳಬೇಕು, ಸಾಕ್ಷ್ಯವನ್ನು ತುರುಕಬಾರದು, ಚಿಕ್ಕದಾಗಿ ಹೇಳಬೇಕು. ಪ್ಯಾರಾಗಳಿಗೆ ಅನುಕ್ರಮ ಸಂಖ್ಯೆ ಇರಬೇಕು, ಆದಷ್ಟೂ ಒಂದು ಆಪಾದನೆಗೆ ಒಂದು ಪ್ಯಾರಾ. ದಿನಾಂಕ, ಮೊತ್ತಗಳನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು. ಬರವಣಿಗೆಯ ಮೇಷ್ಟ್ರಾದವನಿಗೆ ಇದಕ್ಕಿಂತ ಹೆಚ್ಚು ಹೇಳಲು ಏನಿದೆ? ಅದೇ ಪುಸ್ತಕದ ಅನುಬಂಧದಲ್ಲಿ ಸಾಲದ ದಾವೆಯ ನಮೂನೆ ಇದೆ: ಇಂಥ ದಿನ ಇಷ್ಟು ಕೊಟ್ಟೆ, ಇಂಥ ದಿನ ಕೊಡಬೇಕಿತ್ತು, ಕೊಟ್ಟಿಲ್ಲ. ಕೆಲವೇ ಸಾಲು.

ನಮ್ಮ ರೆಕಾರ್ಡಿನ ದಾವೆ ಶುರುವಾಗುವುದು ‘ವಾದಿಯು ಅತ್ಯಂತ ಸಜ್ಜನರೂ ಕಾನೂನಿಗೆ ತಲೆಬಾಗುವವರೂ ಆಗಿದ್ದು’ ಎಂದು. ರಾಮಪ್ಪನ ಸಜ್ಜನಿಕೆಗೂ ಸಾಲಕ್ಕೂ ಏನು ಸಂಬಂಧ ಎಂದು ಕೇಳಿದೆ. ‘ಹಾಗೇ ಬರೀತಾರೆ ಸಾರ್’ ಎಂಬುದು ಉತ್ತರ. ಯಾರು ಬರೀತಾರೆ? ವಕೀಲರ ಕಚೇರಿಯ ಹಳೇ ಫೈಲು, ಟೈಪಿಸ್ಟಿನ ಕಂಪ್ಯೂಟರು. ರೂಲ್ 2ನ್ನು ಇದೇ ಹುಡುಗರು ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ನಿಯಮ ಒಂದು ವಿಷಯ, ಬರವಣಿಗೆ ಇನ್ನೊಂದು ವಿಷಯ ಎಂದು ಯಾವಾಗ ಪಾಲಾಯಿತೋ ಗೊತ್ತಿಲ್ಲ.

*

ಕುಣಿಗಲ್ ಕಡೆಯ ಹುಡುಗನೊಬ್ಬ ಕ್ಯಾಂಟೀನಿನಲ್ಲಿ ಮನೆಯ ತಕರಾರು ಹೇಳಿದ. ‘ಯುಗಾದಿ ಆದ ಮಾರನೇ ದಿನ ಪಕ್ಕದ ಹೊಲದೋರು ಜೆಸಿಬಿ ತಂದು ನಮ್ಮ ಬದು ಒಡೆದ್ರು ಸಾರ್. ಅಪ್ಪ ಅಡ್ಡ ಹೋದ್ರೆ, ಸರ್ವೆ ಆಗೈತೆ ಅಂದ್ರು. ಸರ್ವೆ ಆಗೇ ಇರ್ಲಿಲ್ಲ.’ ಯಾರು, ಯಾವಾಗ, ಏನು ಮಾಡಿದರು, ಏನೆಂದರು, ನಿಜ ಏನು, ಎಲ್ಲ ಬಂತು. ಇದನ್ನೇ ಬರೆದುಕೊಂಡು ಬಾ ಎಂದೆ. ತಂದ:

‘ಸದರಿ ಷೆಡ್ಯೂಲು ಸ್ವತ್ತಿನ ಬದುವು ಕಾನೂನುಬಾಹಿರವಾಗಿ ಒಡೆಯಲ್ಪಟ್ಟಿದ್ದು, ವಾದಿಗೆ ತುಂಬಲಾರದ ನಷ್ಟ ಉಂಟಾಗಿರುತ್ತದೆ.’

ದಿನ ಹೋಯಿತು, ಜೆಸಿಬಿ ಹೋಯಿತು, ಒಡೆದವರೇ ಹೋದರು. ಪ್ರತಿವಾದಿ ಇಲ್ಲದ ದಾವೆ. ಪೆನ್ನು ಹಿಡಿದೊಡನೆ ಇವನಿಗೆ ಏನಾಗುತ್ತದೆ?

*

ಸ್ಟಾಫ್ ರೂಮಿನಲ್ಲಿ ಸಿಗುವ ಸಿದ್ಧ ಉತ್ತರ: ಕನ್ನಡ ಮಾಧ್ಯಮದವರು, ಇಂಗ್ಲಿಷ್ ಬರುವುದಿಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದಲ್ಲ. ಬದುವಿನ ಹುಡುಗ ಬರೆದದ್ದೂ ಕನ್ನಡವೇ. ಇನ್ನು ಇಂಗ್ಲಿಷ್ ಬಂದವರ ಕಥೆ: ಹಿಮಾಚಲ ಪ್ರದೇಶ ಹೈಕೋರ್ಟಿನ ಒಂದು ತೀರ್ಪು ಓದಿದರೆ ಅರ್ಥವೇ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟು 2022ರಲ್ಲಿ ಅದನ್ನು ರದ್ದುಮಾಡಿ ವಾಪಸು ಕಳಿಸಿತು. ತೀರ್ಪು ಬರೆಯುವುದು ಹೇಗೆ, ಪ್ಯಾರಾಗಳಿಗೆ ಸಂಖ್ಯೆ ಯಾಕೆ ಎಂಬ ಪಾಠವನ್ನೂ ಜೊತೆಗೆ ಬರೆಯಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನಮ್ಮ ಕೊಡಗಿನ ನ್ಯಾಯಮೂರ್ತಿ ಬೋಪಣ್ಣ.

*

ಸಣ್ಣ ಟಿಪ್ಪಣಿ. ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಸೇರಲು ಕ್ಲಾಟ್: ಬಹು ಆಯ್ಕೆ ಪ್ರಶ್ನೆಗಳು. ಓದು ಮುಗಿಸಿ ವಕೀಲನಾಗಲು ಅಖಿಲ ಭಾರತ ವಕೀಲರ ಪರೀಕ್ಷೆ: 100 ಬಹು ಆಯ್ಕೆ ಪ್ರಶ್ನೆಗಳು. ಎರಡರಲ್ಲೂ ಒಂದು ವಾಕ್ಯ ಬರೆಯಬೇಕಾಗಿಲ್ಲ. ಸಿವಿಲ್ ಜಡ್ಜ್ ಪರೀಕ್ಷೆಗೆ ಕೂತರೆ ಮಾತ್ರ ಭಾಷಾಂತರ, ತೀರ್ಪು ಬರೆಯುವುದು ಎಲ್ಲ ಒಮ್ಮೆಲೇ ಎದುರಾಗುತ್ತವೆ.

*

ಫಲ ಕೊಟ್ಟದ್ದೂ ಒಂದಿದೆ. ಕಿರಿಯ ಅಧ್ಯಾಪಕಿಯೊಬ್ಬರು ರೆಕಾರ್ಡು ಬದಿಗಿಡಿಸಿ, ಚೆಕ್ ಬೌನ್ಸ್ ನೋಟಿಸನ್ನು ತರಗತಿಯಲ್ಲೇ ಬರೆಸಿದರು. ಅರ್ಧ ತರಗತಿ ಹಣ ಕೊಟ್ಟವನ ಕಡೆ, ಅರ್ಧ ಚೆಕ್ಕು ಕೊಟ್ಟವನ ಕಡೆ. ಬರೆದಾದ ಮೇಲೆ ಕಾಗದ ಅದಲು ಬದಲು. ಎದುರಾಳಿಯ ನೋಟಿಸಿನಲ್ಲಿ ಏನು ಬಿಟ್ಟುಹೋಗಿದೆ, ಹುಡುಕಿ. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸು ಹೊರಟಿದೆಯೇ? ಚೆಕ್ಕಿನ ಮೊತ್ತವನ್ನೇ ಕೇಳಿದೆಯೇ? ಕೈಸೇರಿದ ಮೇಲೆ ಹಣ ಕಟ್ಟಲು 15 ದಿನ ಕೊಟ್ಟಿದೆಯೇ? ಹುಡುಗರು ಬೇಟೆಗೆ ಬಿದ್ದರು. ‘ಮೇಡಂ, ಇವನು ಮೊತ್ತಾನೇ ಬರೆದಿಲ್ಲ!’ ಬರೆಯದವನು ಕೆಂಪಾದ. ಮಾರನೇ ದಿನ ಎಲ್ಲರೂ ಮತ್ತೆ ಬರೆದರು, ಅಂಕ ಎರಡನೇ ಕರಡಿಗೆ ಮಾತ್ರ. ಅದರಲ್ಲಿ ಸಜ್ಜನಿಕೆಯ ಮಾತು ಒಬ್ಬರೂ ಬರೆದಿರಲಿಲ್ಲ. ಬರೆಯಬೇಡಿ ಎಂದು ಅವರು ಹೇಳಿಯೂ ಇರಲಿಲ್ಲ.

ಅಂದರೆ ಎದುರಿಗೆ ಓದುವವನೊಬ್ಬ ಬೇಕಿತ್ತು, ಅಷ್ಟೆ. ವ್ಯಾಕರಣದ ತರಗತಿ ನಡೆಸಲು ಹೊರಟಿದ್ದ ನಾನು ಸುಮ್ಮನಾದೆ.

*

ಅದೇ 2008ರ ನಿಯಮದಲ್ಲಿ ಇನ್ನೊಂದು ಮಾತಿದೆ: ಈ ಪತ್ರಿಕೆಯನ್ನು ಆದಷ್ಟೂ ವೃತ್ತಿನಿರತ ವಕೀಲರ, ನಿವೃತ್ತ ನ್ಯಾಯಾಧೀಶರ ನೆರವಿನಿಂದ ಕಲಿಸಬೇಕು. ಜಿಲ್ಲಾ ಕೇಂದ್ರಗಳಲ್ಲಿ ನಿವೃತ್ತ ನ್ಯಾಯಾಧೀಶರಿಗೆ ಕೊರತೆಯಿಲ್ಲ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಅವರನ್ನು ಕರೆದು ಹಾರ ಹಾಕುತ್ತಾರೆ. ಸ್ವಾಮಿ, ಹಾರದ ದಿನ ಬಿಟ್ಟು ಇನ್ನೊಂದು ದಿನವೂ ಬನ್ನಿ. ಕೆಂಪು ಪೆನ್ನು ಹಿಡಿದು ಹತ್ತು ಹುಡುಗರ ದಾವೆ ಓದಿ, ‘ಬದು ಒಡೆದವರು ಯಾರಪ್ಪ?’ ಎಂದು ಅಂಚಿನಲ್ಲಿ ಬರೆದು ವಾಪಸು ಕೊಡಿ.